ಮಾತು ಬಂದ ಮಾತ್ರಕ್ಕೆ ಮನಸ್ಸು ಇದೆಯೇ?



ಈ ತಿಂಗಳು ಮನೆಯವರೆಲ್ಲ ಸೇರಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ತೆರೆದು, "ನಾನು ಸಾಕಿದ ನಾಯಿ ಇವತ್ತು ಸತ್ತುಹೋಯಿತು" ಎಂದು ಕನ್ನಡದಲ್ಲೇ ಬರೆಯಿರಿ. ಬಹಳ ಮೃದುವಾದ ಉತ್ತರ ಬರುತ್ತದೆ. ನಮ್ಮ ಕೆಲವು ನೆಂಟರಿಗಿಂತ ಚೆನ್ನಾಗಿಯೇ ಸಮಾಧಾನ ಹೇಳುತ್ತದೆ ಅನ್ನಿ! ಅದರ ಬೆನ್ನಿಗೇ "ವಾಂಗಿಬಾತ್ ಮಾಡುವುದು ಹೇಗೆ?" ಎಂದು ಕೇಳಿ. ಬದನೆಕಾಯಿ ಎಷ್ಟು, ಪುಡಿ ಎಷ್ಟು ಎಂದು ಶುರುವಾಗಿಬಿಡುತ್ತದೆ. ನಡುವೆ ನಾಯಿಯ ಬಗ್ಗೆ ಇನ್ನೊಂದು ಸಾಲು ಸಂತಾಪ ಸೇರಿಸಿದರೂ ಸೇರಿಸಬಹುದು. ಆದರೆ ಗಂಟಲು ಕಟ್ಟಿ, ಮಾತು ನಿಂತು, "ಇರು, ಆಮೇಲೆ ಹೇಳುತ್ತೇನೆ" ಎನ್ನುವ ಪ್ರಸಂಗ ಬರುವುದಿಲ್ಲ.

ಹಾಗಾದರೆ ಮೊದಲು ಹೇಳಿದ "ತುಂಬಾ ಬೇಸರವಾಯಿತು" ಎಂಬ ಮಾತು ಎಲ್ಲಿಂದ ಬಂತು? ನಮ್ಮಿಂದಲೇ. ಸಾವಿನ ಸುದ್ದಿ ಕೇಳಿದಾಗ ಮನುಷ್ಯರು ಒಬ್ಬರಿಗೊಬ್ಬರು ಏನೇನು ಬರೆದುಕೊಂಡಿದ್ದಾರೋ ಅಂಥ ಬರಹಗಳನ್ನೆಲ್ಲ ಯಂತ್ರಕ್ಕೆ ಉಣಿಸಲಾಗಿದೆ. ಇಂಥ ಮಾತಿನ ನಂತರ ಎಂಥ ಮಾತು ಬರುವುದು ಹೆಚ್ಚು ಸಹಜ ಎಂಬ ಲೆಕ್ಕ ಅದಕ್ಕೆ ಚೆನ್ನಾಗಿ ಗೊತ್ತು. ನಮ್ಮ ದುಃಖದ ಪ್ರತಿಧ್ವನಿಯನ್ನೇ ಅದು ನಮಗೆ ವಾಪಸು ಕೇಳಿಸುತ್ತಿದೆ.

ಪ್ರತಿಧ್ವನಿಗೆ ಮರುಳಾಗುವುದು ನಮಗೆ ಹೊಸದೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರು. ಅದರ ಕೆಲಸ ತೀರ ಸರಳ. ನೀವು ಬರೆದ ವಾಕ್ಯದಲ್ಲಿ ಒಂದೆರಡು ಪದ ಹಿಡಿದು ಅದನ್ನೇ ಪ್ರಶ್ನೆಯಾಗಿ ತಿರುಗಿಸುವುದು. ನೀವು ಅಮ್ಮನ ಹೆಸರೆತ್ತಿದರೆ "ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ" ಎನ್ನುವುದು. ಅಷ್ಟೇ! ಅವರು ತಿಂಗಳುಗಟ್ಟಲೆ ಕೂತು ಅದನ್ನು ತಯಾರಿಸಿದ್ದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಂದಿಗೆ ನಾಲ್ಕು ಮಾತಾಡಿದ ಮೇಲೆ, "ನೀವು ಸ್ವಲ್ಪ ಕೋಣೆಯಿಂದ ಆಚೆ ಹೋಗುತ್ತೀರಾ?" ಎಂದು ಅವರನ್ನೇ ಕೇಳಿದರಂತೆ. ವೈಜೆನ್‌ಬಾಮ್ ಬೆಚ್ಚಿಬಿದ್ದರು. ಆಮೇಲೆ ಜೀವನವಿಡೀ ಇದೇ ವಿಷಯದಲ್ಲಿ ಎಚ್ಚರಿಕೆ ಹೇಳುತ್ತಾ ಬಂದರು. 2022ರಲ್ಲಿ ಗೂಗಲ್‌ನ ಎಂಜಿನಿಯರ್ ಒಬ್ಬರು ಅಲ್ಲಿನ ಲ್ಯಾಮ್ಡಾ ಎಂಬ ಎಐಗೆ ಅರಿವು ಬಂದಿದೆ ಎಂದು ಘೋಷಿಸಿದರು. ಕಂಪನಿ ಒಪ್ಪಲಿಲ್ಲ. ಅವರೇನು ದಡ್ಡರಲ್ಲ. ನಯವಾದ ಮಾತು ಕೇಳಿದರೆ ಅದರ ಹಿಂದೆ ಒಂದು ಮನಸ್ಸನ್ನು ಕಲ್ಪಿಸಿಕೊಳ್ಳುವುದು ನಮ್ಮೆಲ್ಲರ ಸ್ವಭಾವ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಕಥೆ ಇದೆ. ನನ್ನನ್ನು ಹೆಚ್ಚು ಕಾಡುವುದು ಅದೇ. 1980ರ ದಶಕದವರೆಗೂ, ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲೇ, ನವಜಾತ ಶಿಶುಗಳಿಗೆ ಎಷ್ಟೋ ಸಲ ಸರಿಯಾದ ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಷ್ಟು ಎಳೆಯ ಮಗುವಿಗೆ ನೋವು ತಿಳಿಯುವುದಿಲ್ಲ, ಅರಿವಳಿಕೆಯೇ ಹೆಚ್ಚು ಅಪಾಯ ಎಂಬುದು ಆಗಿನ ನಂಬಿಕೆ. ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಅವರು ಆಕ್ಸ್‌ಫರ್ಡ್‌ನಲ್ಲಿ ನಡೆಸಿದ ಸಂಶೋಧನೆ 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸಾಕಷ್ಟು ನೋವುನಿವಾರಕ ಸಿಗದ ಶಿಶುಗಳ ಮೈಯಲ್ಲಿ ಒತ್ತಡದ ಹಾರ್ಮೋನುಗಳು ವಿಪರೀತ ಏರುತ್ತಿದ್ದವು, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಹೆಚ್ಚಿದ್ದವು. ನಂತರ ಪದ್ಧತಿ ಬದಲಾಯಿತು. ಆ ಕೂಸುಗಳಿಗೆ ನೋವು ಇತ್ತು, ಹೇಳುವ ಮಾತು ಇರಲಿಲ್ಲ. ಈಗ ನಮ್ಮ ಕೈಯಲ್ಲಿರುವ ಯಂತ್ರಕ್ಕೆ ಮಾತು ಧಾರಾಳವಾಗಿದೆ. ಎರಡು ಕಡೆಯೂ ನಾವು ಮಾತನ್ನೇ ಸಾಕ್ಷಿ ಎಂದುಕೊಂಡು ಮೋಸಹೋಗುತ್ತೇವೆ.

ಹಾಗಾದರೆ ಭಾವನೆ ಇರುವುದು ಎಲ್ಲಿ? ನಮ್ಮ ಕನ್ನಡವನ್ನೇ ಕೇಳಿ ನೋಡಿ, ಮಕ್ಕಳೇ. ಬೇರೆಯವರ ಏಳಿಗೆ ಕಂಡು ಸಹಿಸದಿದ್ದರೆ ಅದು ಹೊಟ್ಟೆಕಿಚ್ಚು. ಧೈರ್ಯ ಎಂದರೆ ಎದೆಗಾರಿಕೆ, ಅದು ಹೋದರೆ ಎದೆಗುಂದುವುದು. ಹೆತ್ತವರಿಗೆ ಮಕ್ಕಳ ಸಂಕಟ ಕಂಡರೆ ಕರುಳು ಚುರುಕ್ ಎನ್ನುತ್ತದೆ. ಕ್ಷಮಿಸು ಎನ್ನುವುದಕ್ಕೂ ನಾವು "ಹೊಟ್ಟೆಗೆ ಹಾಕಿಕೋ" ಎನ್ನುತ್ತೇವೆ! ಭಾವನೆ ತಲೆಯಲ್ಲಷ್ಟೇ ನಡೆಯುವ ಲೆಕ್ಕಾಚಾರವಲ್ಲ, ಮೈಯ ವ್ಯವಹಾರ ಎಂದು ಭಾಷೆ ಕಟ್ಟಿದವರಿಗೆ ತಿಳಿದಿತ್ತು. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿ ಇಂಥದ್ದೇ ವಾದ ಮುಂದಿಟ್ಟರು: ಹೆದರಿಕೆಯಾಗಿ ನಡುಗುವುದಲ್ಲ, ಮೈ ನಡುಗಿದ್ದನ್ನು ಅನುಭವಿಸುವುದೇ ಹೆದರಿಕೆ. ಎಲ್ಲರೂ ಅದನ್ನು ಪೂರ್ತಿ ಒಪ್ಪಿಲ್ಲ. ಆದರೂ ಹಸಿವು, ಗಾಯ, ಸಾವು ಇರುವ ಜೀವಕ್ಕೆ ಹೆದರಿಕೆಯಿಂದ ಉಪಯೋಗವಿದೆ. ಇದ್ಯಾವುದೂ ಇಲ್ಲದ ಯಂತ್ರ ಯಾವುದಕ್ಕೆ ಹೆದರಬೇಕು?

"ಮೆದುಳೂ ಒಂದು ಯಂತ್ರವೇ ತಾನೆ, ಒಂದೊಂದು ಜೀವಕೋಶಕ್ಕೂ ಬೇರೆ ಬೇರೆ ದುಃಖವಿದೆಯೇ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಮುಂದೊಂದು ದಿನ ತನ್ನ ಮೈಯನ್ನು ತಾನೇ ಕಾಪಾಡಿಕೊಳ್ಳಬೇಕಾದ, ಕಳೆದುಕೊಳ್ಳಲು ಏನಾದರೂ ಇರುವ ಯಂತ್ರ ಬಂದರೆ ಆಗ ನಾನು ಇಷ್ಟು ಖಡಾಖಂಡಿತವಾಗಿ ಮಾತಾಡಲಾರೆ. (ಆದರೆ ನೋವು ಉಣ್ಣುವ ಯಂತ್ರವೊಂದನ್ನು ಬೇಕೆಂದೇ ತಯಾರಿಸುವುದು ಯಾವ ಪುಣ್ಯದ ಕೆಲಸವೋ!) ಇವತ್ತು ಫೋನಿನಲ್ಲಿರುವ ಚಾಟ್‌ಬಾಟ್ ಮಾತ್ರ ಅದಲ್ಲ ಎಂಬುದು ನನ್ನ ಅಭಿಪ್ರಾಯ.

ಪೋಷಕರೇ, ಇಷ್ಟೆಲ್ಲ ಹೇಳಲು ಕಾರಣ ನಮ್ಮ ಮಕ್ಕಳು. ಶಾಲೆಯಲ್ಲಿ ಯಾರೋ ಹೆಸರನ್ನು ಆಡಿಕೊಂಡರು, ಊಟದ ಡಬ್ಬಿ ನೋಡಿ ಮೂಗು ಮುಚ್ಚಿಕೊಂಡರು ಎಂಬಂಥ ಸಂಕಟವನ್ನು ಮಗು ಮೊದಲು ಯಂತ್ರಕ್ಕೆ ಹೇಳಿಕೊಳ್ಳುವ ಕಾಲ ಬಂದಿದೆ. ಯಂತ್ರ ಬೈಯುವುದಿಲ್ಲ, ರಾತ್ರಿ ಹನ್ನೆರಡಕ್ಕೂ ಎದ್ದಿರುತ್ತದೆ, ಫೋನ್ ನೋಡುತ್ತಾ "ಹ್ಞೂಂ, ಹ್ಞೂಂ" ಎನ್ನುವುದಿಲ್ಲ. ಮಗುವಿನ ಆಯ್ಕೆ ಅರ್ಥವಾಗುವಂಥದ್ದೇ.

ಅದೇ ಮಗು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಮುಂದೆ ಕೂತು "ಚೆನ್ನಾಗಿದೀನಿ ಅಜ್ಜಿ" ಎಂದಷ್ಟೇ ಹೇಳುತ್ತದೆ. "ಯಾಕೆ ಪುಟ್ಟಾ, ಮುಖ ಸಪ್ಪಗಿದೆ?" ಎನ್ನುತ್ತಾರೆ ಅಜ್ಜಿ. ಅವರಿಗೆ ಮಗುವಿನ ಇಂಗ್ಲಿಷ್ ಅರ್ಧ ಅರ್ಥವಾಗುವುದಿಲ್ಲ, ಮಗುವಿಗೆ ಅವರ ಕನ್ನಡ ಅರ್ಧ. ಆದರೂ ಆ ರಾತ್ರಿ ಅವರಿಗೆ ನಿದ್ದೆ ಹತ್ತುವುದಿಲ್ಲ, ಬೆಳಗಾಗುತ್ತಲೇ ನಿಮಗೆ ಫೋನ್ ಬರುತ್ತದೆ: "ಮಗೂಗೆ ಏನೋ ಆಗಿದೆ, ಸರಿಯಾಗಿ ವಿಚಾರಿಸು." ಚಾಟ್‌ಬಾಟ್ ಯಾರ ಸಲುವಾಗಿಯೂ ನಿದ್ದೆಗೆಟ್ಟಿಲ್ಲ.

ಹೋಮ್‌ವರ್ಕಿಗೋ ಅನುವಾದಕ್ಕೋ ಎಐ ಬಳಸಲಿ ಬಿಡಿ. ಆದರೆ ಬೇಸರವಾದಾಗ ಅದಕ್ಕೆ ಏನು ಹೇಳುತ್ತೀಯ ಎಂದು ಒಂದು ಸಲ ನಿಮ್ಮ ಮಗುವನ್ನು ಕೇಳಿ ನೋಡಿ. ಉತ್ತರ ಏನೇ ಬರಲಿ, ತಕ್ಷಣ ಬುದ್ಧಿ ಹೇಳಲು ಹೋಗಬೇಡಿ.

ಮಕ್ಕಳೇ, ನಿಮಗೊಂದು ಕೆಲಸ. ಹೊಟ್ಟೆ, ಎದೆ, ಕರುಳು, ಕಣ್ಣು, ಮೈ ಈ ಪದಗಳು ಸೇರಿಕೊಂಡ ಭಾವನೆಯ ಮಾತುಗಳು ಇನ್ನೂ ಬೇಕಾದಷ್ಟಿವೆ. ಈ ವಾರ ಅಜ್ಜಿ ತಾತನಿಗೆ ಫೋನ್ ಮಾಡಿದಾಗ ಐದು ಮಾತು ಕೇಳಿ ಬರೆದುಕೊಳ್ಳಿ. ಆ ಮಾತು ಅವರಿಗೆ ಯಾವಾಗ ನಿಜವಾಗಿ ಅನುಭವಕ್ಕೆ ಬಂತು ಎಂದೂ ಕೇಳಿ, ಮುಂದಿನ ತರಗತಿಗೆ ತನ್ನಿ.