ಕೇಕ್ ಕತ್ತರಿಸಿದ ಮೇಲೆ ಬರುವ ಬಿಲ್ಲು

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್‌ಗಳ ಹೊಸ ಬಗೆಯ ರೆಸ್ಟೋರೆಂಟ್‌ಗಳಲ್ಲಿ ಹುಟ್ಟುಹಬ್ಬದ ಊಟ ಈಗ ಸಿರಿವಂತರದ್ದು ಮಾತ್ರವಲ್ಲ. ತಿಂಗಳ ಸಂಬಳದಲ್ಲಿ ಮನೆ ತೂಗಿಸುವವರೂ ಮಗಳ ಹದಿನೆಂಟಕ್ಕೋ ಅಪ್ಪನ ಅರವತ್ತಕ್ಕೋ ಟೇಬಲ್ ಕಾದಿರಿಸಿ ಹೋಗುತ್ತಾರೆ. ನೌಕರರು ಚಪ್ಪಾಳೆ ತಟ್ಟುತ್ತ ಕೇಕ್ ತರುತ್ತಾರೆ, ಫೋಟೊ ತೆಗೆಯುವುದು ಮುಗಿಯುತ್ತದೆ, ಕೊನೆಗೆ ಕಪ್ಪು ಫೋಲ್ಡರಿನಲ್ಲಿ ಬಿಲ್ಲು ಬರುತ್ತದೆ. ತಿಂದದ್ದರ ಪಟ್ಟಿಯ ಕೆಳಗೆ, ಜಿಎಸ್‌ಟಿಯ ಮೇಲೆ, ‘ಸರ್ವೀಸ್ ಚಾರ್ಜ್ ಶೇ 10’ ಎಂಬ ಸಾಲು ಬಹಳ ಕಡೆ ಇನ್ನೂ ಇರುತ್ತದೆ. ನನ್ನ ತಕರಾರು ಆ ಒಂದು ಸಾಲಿನ ಮೇಲೆ. ‘ಬೇಡವೆಂದರೆ ತೆಗೆಯುತ್ತೇವೆ’ ಎಂಬ ಈಗಿನ ರೂಢಿ ಸಾಲದು. ಆ ಸಾಲು ಬಿಲ್ಲಿನಲ್ಲಿ ಅಚ್ಚಾಗಲೇ ಬಾರದು.

ಕಾನೂನು ಹೇಳುವುದೂ ಅದನ್ನೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲ್, ರೆಸ್ಟೋರೆಂಟ್‌ಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ. ಮಾಲೀಕರ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿ ಹಾಕಿದ್ದ ಎರಡು ಸಂಘಟನೆಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ವಿಧಿಸಿದರು. ಗ್ರಾಹಕ ಖುಷಿಯಿಂದ ಟಿಪ್ಸ್ ಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಸಂಘಟನೆಗಳು ಮೇಲ್ಮನವಿ ಹೋಗಿವೆ. ಇತ್ತ ಬಿಲ್ಲುಗಳಲ್ಲಿ ಆ ಸಾಲು ಬರುತ್ತಲೇ ಇದೆ.

ಲೆಕ್ಕ ಹಾಕಿ ನೋಡಿ. ಎಂಟು ಜನರ ಊಟಕ್ಕೆ 6,000 ರೂಪಾಯಿ ಆಯಿತೆನ್ನಿ. ಶೇ 5ರ ಜಿಎಸ್‌ಟಿ ಸೇರಿದರೆ 6,300. ಸೇವಾ ಶುಲ್ಕದ 600 ರೂಪಾಯಿ ನಡುವೆ ಬಂದರೆ ತೆರಿಗೆ ಬೀಳುವುದು 6,600ರ ಮೇಲೆ, ಒಟ್ಟು 6,930. ಕೊಡಲೇಬೇಕಾದದ್ದಲ್ಲದ ಹಣಕ್ಕೆ ತೆರಿಗೆಯನ್ನೂ ಕಟ್ಟಿ, 630 ರೂಪಾಯಿ ಹೆಚ್ಚು ತೆತ್ತ ಹಾಗಾಯಿತು.

‘ಬೇಡವೆಂದರೆ ಹೇಳಿ’ ಎನ್ನುವವರು ಆ ಟೇಬಲ್ಲಿನಲ್ಲಿ ಕೂತವರ ಸಂಕೋಚವನ್ನು ಗಮನಿಸಬೇಕು. ಕರೆದು ಊಟ ಹಾಕುವವರು ನೆಂಟರೆದುರು ದುಡ್ಡಿನ ಮಾತೆತ್ತಬಾರದು ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕಲಿಸಿದ ಮರ್ಯಾದೆ. ಬೀಗರು ಎದುರಿಗಿರುವಾಗ, ಈಗಷ್ಟೇ ಮಗಳಿಗಾಗಿ ಹಾಡಿದ ಹುಡುಗನನ್ನು ಕರೆದು ‘ಈ ಆರುನೂರು ತೆಗೀರಿ’ ಎನ್ನಲು ಎಷ್ಟು ಜನರಿಗೆ ಬಾಯಿ ಬರುತ್ತದೆ? ವಾರವಾರ ಹೋಗುವವರಿಗೆ ನಿಯಮ ಗೊತ್ತು, ಕೇಳುವ ಧೈರ್ಯವೂ ಉಂಟು. ವರ್ಷಕ್ಕೊಮ್ಮೆ ಹೋಗುವ ಕುಟುಂಬಕ್ಕೆ ಅದು ಸರ್ಕಾರದ ತೆರಿಗೆಯಂತೆಯೇ ಕಾಣುತ್ತದೆ. ಹೀಗಾಗಿ ಶುಲ್ಕ ಉಳಿಸಿಕೊಳ್ಳುವವರು ಉಳ್ಳವರು, ಕೊಡುವವರು ಕಷ್ಟಪಟ್ಟು ಕೂಡಿಟ್ಟವರು. ‘ಇಂಥ ಕಡೆ ಬರುವವರಿಗೆ ಆರುನೂರು ಯಾವ ಲೆಕ್ಕ’ ಎಂಬ ವಾದಕ್ಕೂ ಇದೇ ಉತ್ತರ.

ಮಾಲೀಕರ ವಾದಗಳಲ್ಲಿ ತೂಕವಿರುವುದು ನೌಕರರ ಕುರಿತದ್ದು. ಟಿಪ್ಸ್ ಬಡಿಸುವವನ ಕೈಗೆ ಹೋಗುತ್ತದೆ, ಒಳಗೆ ತಟ್ಟೆ ತೊಳೆಯುವವನಿಗೂ ಒಲೆಯ ಮುಂದೆ ನಿಂತವನಿಗೂ ಏನೂ ಸಿಗುವುದಿಲ್ಲ, ಸೇವಾ ಶುಲ್ಕವಾದರೆ ಎಲ್ಲರಿಗೂ ಹಂಚಬಹುದು ಎನ್ನುತ್ತಾರೆ. ಕಾಳಜಿ ನ್ಯಾಯವಾದದ್ದು, ಬಡಿಸುವವರ ದುಡಿಮೆಗೆ ಬೆಲೆ ಬರಬೇಕೆಂದು ನಾನೂ ಬಯಸುತ್ತೇನೆ. ಆದರೆ ಅದಕ್ಕೆ ನೇರ ದಾರಿ ಇದೆ. 300 ರೂಪಾಯಿಯ ಪದಾರ್ಥಕ್ಕೆ 330 ಎಂದು ಮೆನುವಿನಲ್ಲೇ ಬರೆಯಲಿ, ಹೆಚ್ಚಿಗೆ ಬಂದದ್ದನ್ನು ಸಂಬಳದಲ್ಲಿ ಕೊಡಲಿ. ಮಾರ್ಗಸೂಚಿ ದರ ಏರಿಸುವುದನ್ನು ತಡೆಯುವುದಿಲ್ಲ. ಸಂಬಳವಾದರೆ ನೌಕರನಿಗೆ ಕೇಳುವ ಹಕ್ಕಿರುತ್ತದೆ. ಸೇವಾ ಶುಲ್ಕದಲ್ಲಿ ಅವನಿಗೆ ಎಷ್ಟು ಸೇರಿತೆಂದು ಬಿಲ್ಲು ನೋಡಿದ ಗ್ರಾಹಕನಿಗೆ ತಿಳಿಯುವ ದಾರಿಯೇ ಇಲ್ಲ.

ಮೆನುವಿನಲ್ಲೇ ಹೆಚ್ಚಿನ ದರ ಬರೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಭಯ ಮಾಲೀಕರಿಗಿದೆ. ಅಂದರೆ ಮೆನುವಿನಲ್ಲಿ ಕಾಣುವ ದರ ನಿಜವಾದ ದರಕ್ಕಿಂತ ಕಡಿಮೆ ಎಂದು ಅವರೇ ಒಪ್ಪಿದಂತಾಯಿತು. ಎಲ್ಲರಿಗೂ ಒಂದೇ ನಿಯಮ ಬಿಗಿಯಾಗಿ ಜಾರಿಯಾದರೆ ಆ ಭಯವೂ ಇರುವುದಿಲ್ಲ. ಎಲ್ಲ ಶುಲ್ಕವೂ ತಪ್ಪೆಂದಲ್ಲ. ಹೊರಗಿನಿಂದ ತಂದ ಕೇಕಿಗೆ ಕೆಲವು ರೆಸ್ಟೋರೆಂಟ್‌ಗಳು ಶುಲ್ಕ ಕೇಳುತ್ತವೆ. ಟೇಬಲ್ ಕಾದಿರಿಸುವಾಗಲೇ ಹೇಳಿದರೆ ಅದರಲ್ಲಿ ತಪ್ಪಿಲ್ಲ, ಒಪ್ಪದವರು ಬೇರೆ ಕಡೆ ನೋಡಿಕೊಳ್ಳುತ್ತಾರೆ. ಆದರೆ ಸೇವಾ ಶುಲ್ಕವನ್ನು ಮೆನುವಿನ ಕೊನೆಯ ಪುಟದ ಅಡಿಯಲ್ಲಿ, ಮಂದ ಬೆಳಕಿನಲ್ಲಿ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದರೆ ಅದನ್ನು ಒಪ್ಪಿಗೆ ಎನ್ನಲಾಗದು. ಇದೇ ಊರಿನ ದರ್ಶಿನಿಗಳಲ್ಲಿ ಗೋಡೆಯ ಬೋರ್ಡು ನೋಡಿ, ಮೊದಲೇ ದುಡ್ಡು ಕೊಟ್ಟು ಟೋಕನ್ ಪಡೆದು ತಿನ್ನುತ್ತೇವೆ. ದುಬಾರಿ ಜಾಗದಲ್ಲೂ ಅಷ್ಟು ನೇರವಾದ ವ್ಯವಹಾರ ಸಾಧ್ಯ.

ಗ್ರಾಹಕ 1915ಕ್ಕೆ ಕರೆ ಮಾಡಬಹುದು, ನಿಜ. ಆದರೆ ಹುಟ್ಟುಹಬ್ಬದ ರಾತ್ರಿ ದೂರು ಬರೆಯುತ್ತ ಕೂರುವವರು ಯಾರು? ಹಾಗಾಗಿ ಮೊದಲ ಹೆಜ್ಜೆ ಅಧಿಕಾರಿಗಳದ್ದಾಗಬೇಕು. ಇಂಥ ದೂರುಗಳನ್ನು ಜಿಲ್ಲಾಧಿಕಾರಿಗೂ ಸಲ್ಲಿಸಬಹುದೆಂದು ಮಾರ್ಗಸೂಚಿಯೇ ಹೇಳಿದೆ. ಬೆಂಗಳೂರು ನಗರದ ಜಿಲ್ಲಾಡಳಿತ ದೂರಿಗಾಗಿ ಕಾಯದೆ ಶನಿವಾರ, ಭಾನುವಾರದ ಸಂಜೆ ಸಿಬ್ಬಂದಿಯನ್ನು ಗ್ರಾಹಕರಂತೆ ಕಳಿಸಿ, ಒಂದೊಂದು ಕಾಫಿ ತರಿಸಿ, ಬಿಲ್ಲುಗಳನ್ನು ಸಂಗ್ರಹಿಸಲಿ. ಶುಲ್ಕ ತಾನಾಗಿಯೇ ಸೇರುವಂತೆ ಬಿಲ್ಲಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡಿರುವ ರೆಸ್ಟೋರೆಂಟ್‌ಗಳ ವಿವರ ಪ್ರಾಧಿಕಾರಕ್ಕೆ ಹೋಗಲಿ.