ಕನ್ನಡ ಶಾಲೆಯ ಮಕ್ಕಳಿಗೆ ಜಪಾನಿ ಭಾಷೆ ಕಷ್ಟವೇ?



ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ಗಡಿಭಾಗದ ಕನ್ನಡ ಶಾಲೆಯವರಾದ ನಮಗೆ ಒಂದೇ ಪ್ರಶ್ನೆ ಎದುರಾಗುತ್ತದೆ. "ಸರ್, ಕನ್ನಡದಾಗ ಓದಿದ್ರ ಮುಂದೇನು? ತೆಲಂಗಾಣದಾಗ ಅದೀವಿ, ತೆಲುಗು ಬೇಕು. ನೌಕರಿಗೆ ಇಂಗ್ಲಿಷ್ ಬೇಕು. ಕನ್ನಡ ಯಾತಕ್ಕ?" ಕೇಳುವವರ ತಪ್ಪಲ್ಲ. ನಮ್ಮ ರಾಜ್ಯದಲ್ಲಿ 2018ರ ಕಾಯ್ದೆಯಿಂದ ತೆಲುಗು ಕಲಿಕೆ ಕಡ್ಡಾಯವಾಯಿತು. 2022-23ರಿಂದ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮ ಬಂತು. ನಡುವೆ ನಮ್ಮ ಕನ್ನಡ ಶಾಲೆ ಇಬ್ಬರು ಶ್ರೀಮಂತ ಬೀಗರ ನಡುವೆ ಕೂತ ಬಡ ನೆಂಟನಂತೆ ಕೂತಿದೆ.

ಈ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಭಾವನೆಯ ಉತ್ತರ ಕೊಡುತ್ತೇವೆ. ತಾಯಿನುಡಿ, ಅಭಿಮಾನ, ಸಂಸ್ಕೃತಿ ಎನ್ನುತ್ತೇವೆ. ಅದೆಲ್ಲ ನಿಜವೇ. ಆದರೆ ಹತ್ತಿ ಕ್ರಾಸಿಂಗ್ ಸೀಸನ್ನಿನಲ್ಲಿ ಮಗುವನ್ನು ಹೊಲಕ್ಕೆ ಕಳಿಸದೆ ಶಾಲೆಗೆ ಕಳಿಸುವ ತಂದೆಗೆ ಅಭಿಮಾನದಿಂದ ಹೊಟ್ಟೆ ತುಂಬದು. ಆತನಿಗೆ ಲೆಕ್ಕದ ಉತ್ತರ ಬೇಕು. ಅಂಥ ಒಂದು ಉತ್ತರ ನಾವು ಕನಸಿನಲ್ಲೂ ನೆನೆಯದ ಕಡೆಯಿಂದ, ಅಂದರೆ ಜಪಾನಿ ಭಾಷೆಯ ಮೊದಲ ಹಂತದ ಪಾಠದಿಂದ ನಮಗೆ ಸಿಕ್ಕಿದೆ. ಶಾಂತಿನಗರದಲ್ಲಿ ಕೂತು ಜಪಾನಿನ ಮಾತೇ ಎಂದು ನಗಬೇಡಿ. ಪೂರ್ತಿ ಓದಿ, ಆಮೇಲೆ ನಗುವಿರಂತೆ.

ವಿಷಯ ಇಷ್ಟೇ. ನಮ್ಮ ಕೈಕೆಳಗೆ ಹತ್ತನೆಯವರೆಗೆ ಕನ್ನಡದಲ್ಲೇ ಓದಿದ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾನೆ. ಅಲ್ಲಿನ ಕಾಲೇಜೊಂದರಲ್ಲಿ ಸಂಜೆ ನಡೆಯುವ ಜಪಾನಿ ತರಗತಿಗೆ ಸೇರಿದ. ಒಂದು ತಿಂಗಳಿಗೆ ಬಿಡುವ ಯೋಚನೆ ಮಾಡಿದ. ಅವನಿಗೆ ಜಪಾನಿ ಕಷ್ಟವಾಗಿರಲಿಲ್ಲ. ಜಪಾನಿಯನ್ನು ವಿವರಿಸುವ ಇಂಗ್ಲಿಷ್ ಕಷ್ಟವಾಗಿತ್ತು! ಡೈರೆಕ್ಟ್ ಆಬ್ಜೆಕ್ಟ್, ಪಾರ್ಟಿಕಲ್, ಪ್ರಿಪೊಸಿಷನ್ ಎಂಬ ಮಾತುಗಳ ಕಾಡಿನಲ್ಲಿ ಅವನಿಗೆ ದಾರಿ ತಪ್ಪಿತ್ತು. ರಜೆಗೆ ಬಂದಾಗ ಅವನ ಪುಸ್ತಕವನ್ನು ನಾವು ಶಾಲೆಯ ಕಟ್ಟೆಯ ಮೇಲೆ ಕೂತು ತೆರೆದೆವು. "ಮಿನ್ನಾ ನೊ ನಿಹೊಂಗೊ" ಎಂಬ ಪಠ್ಯ ಅದು, ಮೊದಲ ಭಾಗದಲ್ಲಿ 25 ಪಾಠಗಳು. ಎರಡು ವಾರ ಅವನು ಜಪಾನಿ ವಾಕ್ಯ ಓದಿದ, ನಾವು ಅದರ ಕೆಳಗೆ ಕನ್ನಡ ಬರೆದೆವು. ಆಗ ಕಂಡದ್ದನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಅಕ್ಷರ. ಜಪಾನಿನಲ್ಲಿ ಹಿರಗಾನ, ಕತಕಾನ ಎಂದು ಎರಡು ವರ್ಣಮಾಲೆಗಳು. ಎರಡರಲ್ಲೂ ಮೂಲ ಅಕ್ಷರ 46. ಅದನ್ನು ಓದುವ ಕ್ರಮ ನೋಡಿ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದಂತಿದೆಯಲ್ಲವೇ? ಮೊದಲು ಸ್ವರ, ನಂತರ ಕಂಠದ ಅಕ್ಷರ, ಕೊನೆಗೆ ಯ ರ ವ. ನಮ್ಮ ಒಂದನೇ ತರಗತಿಯ ಗೋಡೆಯ ಮೇಲಿರುವ ಚಾರ್ಟಿನ ಕ್ರಮವೇ ಇದು. ಭಾರತದಿಂದ ಚೀನಾ ಮಾರ್ಗವಾಗಿ ಹೋದ ಬೌದ್ಧ ಗ್ರಂಥಗಳ ಜೊತೆ ಸಿದ್ಧಂ ಲಿಪಿಯ ಕಲಿಕೆಯೂ ಅಲ್ಲಿಗೆ ಹೋಯಿತು, ಅದರಿಂದ ಈ ಕ್ರಮ ಬಂತು ಎನ್ನುತ್ತಾರೆ ವಿದ್ವಾಂಸರು. ಬೋಧಿಸೇನ ಎಂಬ ಭಾರತದ ಭಿಕ್ಷು 736ರಲ್ಲಿ ಜಪಾನಿಗೆ ಹೋಗಿ, 752ರಲ್ಲಿ ನಾರಾ ಪಟ್ಟಣದ ಮಹಾಬುದ್ಧನ ಮೂರ್ತಿಗೆ ಕಣ್ಣು ಬರೆದ ಎಂಬುದು ಇತಿಹಾಸ. ಎ ಬಿ ಸಿ ಡಿ ಮಾತ್ರ ಬಲ್ಲ ಮಗು ಈ ಕ್ರಮವನ್ನು ಬಾಯಿಪಾಠ ಮಾಡಬೇಕು. ನಮ್ಮ ಮಗುವಿಗೆ ಅದು ಅರ್ಧ ಗೊತ್ತೇ ಇದೆ.

ಎರಡನೆಯದು ಉಚ್ಚಾರ. ಜಪಾನಿಯಲ್ಲಿ "ಒಬಸನ್" ಎಂದರೆ ಅತ್ತೆ ಅಥವಾ ಚಿಕ್ಕಮ್ಮ, "ಒಬಾಸನ್" ಎಂದರೆ ಅಜ್ಜಿ. "ಕಿತೆ" ಎಂದರೆ ಬಂದು, "ಕಿತ್ತೆ" ಎಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ, ಒತ್ತು ಇವು ಇಂಗ್ಲಿಷ್ ಮಾತ್ರ ಬಲ್ಲವರಿಗೆ ತಿಂಗಳುಗಟ್ಟಲೆ ಕಾಡುತ್ತವೆ. ಬಳೆಗೂ ಬಾಳೆಗೂ, ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದ ನಮ್ಮ ಎರಡನೇ ತರಗತಿಯ ಮಗುವಿಗೆ ಇದು ಪಾಠವೇ ಅಲ್ಲ.

ಮೂರನೆಯದು ವಾಕ್ಯ. ಇಲ್ಲಿಯೇ ನಮಗೆ ಹೆಚ್ಚು ಸಂತೋಷವಾದದ್ದು.

"ವತಶಿ ವ ಮಿಜು ಒ ನೊಮಿಮಸ್." ನಾನು ನೀರನ್ನು ಕುಡಿಯುತ್ತೇನೆ. ಮಿಜು ಎಂದರೆ ನೀರು, "ಒ" ಎಂದರೆ ನಮ್ಮ "ಅನ್ನು". ಹುಡುಗನನ್ನು ಒಂದು ತಿಂಗಳು ಹೆದರಿಸಿದ ಡೈರೆಕ್ಟ್ ಆಬ್ಜೆಕ್ಟ್ ಇದೇ, ನಮ್ಮ ದ್ವಿತೀಯಾ ವಿಭಕ್ತಿ!

"ಗಕ್ಕೋ ನಿ ಇಕಿಮಸ್." ಶಾಲೆಗೆ ಹೋಗುತ್ತೇನೆ. "ನಿ" ಎಂದರೆ "ಗೆ". "ವತಶಿ ನೊ ಹೊನ್" ಎಂದರೆ ನನ್ನ ಪುಸ್ತಕ. "ಕರ" ಎಂದರೆ ಇಂದ, "ಮದೆ" ಎಂದರೆ ವರೆಗೆ. "ರಾಯಚೂರು ಕರ ಗದ್ವಾಲ ಮದೆ" ಎಂದರೆ ನಮ್ಮ ಬಸ್ಸಿನ ಬೋರ್ಡು ಆಯಿತು. ವಾಕ್ಯದ ಕೊನೆಗೆ "ಕ" ಹಚ್ಚಿದರೆ ಪ್ರಶ್ನೆ, ನಮ್ಮ "ಹೋಗ್ತೀರಾ" ಎಂಬುದರ ಕೊನೆಯ "ಆ" ಇದ್ದಂತೆ. "ವತಶಿ ಮೊ" ಎಂದರೆ ನಾನೂ. ಯಾರೋ ಹೀಗೆ ಅಂದರು ಎನ್ನುವಾಗ ಬರುವ "ತೊ" ನಮ್ಮ "ಅಂತ". ವಿಭಕ್ತಿ ನಾಮಪದದ ಹಿಂದೆಯೇ ಬರುತ್ತದೆ, ಕ್ರಿಯಾಪದ ಕೊನೆಗೇ ಬರುತ್ತದೆ.

ಇನ್ನೊಂದು ವಾಕ್ಯ ನೋಡಿ. "ಅಸ ಒಕಿತೆ, ಗೊಹನ್ ಒ ತಬೆತೆ, ಗಕ್ಕೋ ನಿ ಇಕಿಮಸ್." ಬೆಳಗ್ಗೆ ಎದ್ದು, ಊಟ ಮಾಡಿ, ಶಾಲೆಗೆ ಹೋಗುತ್ತೇನೆ. ಎದ್ದು, ಮಾಡಿ, ಹೋಗಿ, ಬಂದು ಎಂದು ಕ್ರಿಯೆಗಳನ್ನು ಮಾಲೆಯಂತೆ ಪೋಣಿಸುವ ನಮ್ಮ ಪದ್ಧತಿಯೇ ಅಲ್ಲಿಯೂ ಇದೆ. ಮುಂದಿನ ಹಂತದಲ್ಲಿ "ತಬೆತೆ ಮಿರು" ಎಂದು ಬರುತ್ತದೆ. ತಬೆತೆ ಎಂದರೆ ತಿಂದು, ಮಿರು ಎಂದರೆ ನೋಡು. ತಿಂದು ನೋಡು! ಕಣ್ಣಿನಿಂದ ನೋಡುವುದಲ್ಲ, ರುಚಿ ನೋಡುವುದು. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪುಟ ಬೇಕು, ಕನ್ನಡದಲ್ಲಿ ವಿವರಣೆಯೇ ಬೇಡ.

ಎಣಿಕೆಯಲ್ಲೂ ಹಾಗೆಯೇ. ವಸ್ತುವಿಗೆ ಒಂದು, ಎರಡು ಎನ್ನುವ ನಾವು ಮನುಷ್ಯರಿಗೆ ಒಬ್ಬರು, ಇಬ್ಬರು ಎನ್ನುತ್ತೇವೆ. ಜಪಾನಿಯಲ್ಲೂ ಮನುಷ್ಯರಿಗೆ ಬೇರೆ: ಹಿತೊರಿ, ಫುತರಿ. ಬಂಡೆ ಉರುಳುವ ಸದ್ದಿಗೆ "ಗೊರೊಗೊರೊ", ಹೊಳೆಯುವುದಕ್ಕೆ "ಕಿರಕಿರ" ಎನ್ನುತ್ತಾರೆ. ನಮ್ಮ ಗಿರಗಿರ, ಜುಳುಜುಳು, ಥಳಥಳ ನೆನಪಾಗುವುದಿಲ್ಲವೇ?

ಹಾಗೆಂದು ಜಪಾನಿ ಕನ್ನಡದ ತಂಗಿ ಎಂದು ನಾವು ಹೇಳುತ್ತಿಲ್ಲ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧವಿದೆ ಎಂದು ವಾದಿಸಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ರಕ್ತಸಂಬಂಧ ಇಲ್ಲದಿದ್ದರೂ ಇಬ್ಬರ ನಡಿಗೆ ಒಂದೇ ತರಹ ಇರಬಹುದಲ್ಲ, ಹಾಗೆ. ಎಲ್ಲವೂ ಸುಲಭ ಎಂದೂ ಅಲ್ಲ. "ವ" ಮತ್ತು "ಗ" ಎಂಬ ಎರಡು ಪ್ರತ್ಯಯಗಳ ವ್ಯತ್ಯಾಸ ನಮಗೂ ತಲೆ ಕೆಡಿಸಿತು. ಪೆನ್ಸಿಲಿಗೆ ಒಂದು ಎಣಿಕೆ, ಹಾಳೆಗೆ ಇನ್ನೊಂದು. ಇನ್ನು ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳು ಬೆಟ್ಟದಷ್ಟಿವೆ. ಜಪಾನಿನ ಮಕ್ಕಳು ಒಂದನೇ ತರಗತಿಯಲ್ಲಿ 80, ಪ್ರಾಥಮಿಕ ಶಾಲೆ ಮುಗಿಯುವಷ್ಟರಲ್ಲಿ 1026 ಕಾಂಜಿ ಕಲಿಯುತ್ತಾರೆ. ಅಲ್ಲಿ ನಮಗೂ ಇಂಗ್ಲಿಷಿನವರಿಗೂ ಸಮಾನ ಕಷ್ಟ!

ಈಗ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ಟಿಸಿಎಚ್ ಓದುವಾಗ ನಾವೆಲ್ಲ ಬರೆದು ಬರೆದು ಅಂಕ ಪಡೆದ ಸೂತ್ರ ಒಂದಿದೆ: ತಿಳಿದುದರಿಂದ ತಿಳಿಯದುದರ ಕಡೆಗೆ. ಭಾಷೆಯ ವಿಷಯ ಬಂದ ಕೂಡಲೇ ಈ ಸೂತ್ರವನ್ನು ಮರೆತು, ತಿಳಿಯದ ಇಂಗ್ಲಿಷಿನ ಮೂಲಕ ತಿಳಿಯದ ಜಪಾನಿಯನ್ನು ಕಲಿಸುವ ಪದ್ಧತಿ ಬೆಳೆದಿದೆ. ಇದು ಏಣಿ ಇದ್ದೂ ಗೋಡೆ ಹಾರಿಸಿದಂತೆ. ಇಂಗ್ಲಿಷ್ ಮಾಧ್ಯಮದ ಹುಡುಗ ಚುರುಕು, ಕನ್ನಡದವನು ದಡ್ಡ ಎಂದು ಇಂಥ ತರಗತಿಯಲ್ಲಿ ಕಂಡರೆ ಅದು ಹುಡುಗನ ಗುಣವಲ್ಲ, ಪಾಠದ ದಾರಿಯ ಗುಣ. ಇದೇ ತಪ್ಪು ನಮ್ಮ ಮೂರನೇ ತರಗತಿಯ ಇಂಗ್ಲಿಷ್ ಪಾಠದಲ್ಲೂ ಆಗಬಾರದು. ನಮ್ಮಲ್ಲಿ ಪದದ ಹಿಂದೆ ಬರುವ "ಅಲ್ಲಿ, ಇಂದ, ಗೆ" ಇಂಗ್ಲಿಷಿನಲ್ಲಿ ಪದದ ಮುಂದೆ ಬರುತ್ತವೆ ಎಂದು ಹೇಳಿದರೆ ಮಗುವಿಗೆ ಅರ್ಧ ವ್ಯಾಕರಣ ಮುಗಿಯಿತು. ತೆಲುಗಿಗಂತೂ ಕೇಳುವುದೇ ಬೇಡ.

ಜಪಾನಿನ ಕತೆಯೂ ಇದನ್ನೇ ಹೇಳುತ್ತದೆ. 1872ರಲ್ಲಿ ಮೋರಿ ಅರಿನೋರಿ ಎಂಬ ಜಪಾನಿ ಮುತ್ಸದ್ದಿ, ತಮ್ಮ ದೇಶಕ್ಕೆ ಇಂಗ್ಲಿಷನ್ನೇ ತಂದರೆ ಹೇಗೆ ಎಂದು ವಿಲಿಯಂ ಡ್ವೈಟ್ ವಿಟ್ನಿ ಎಂಬ ಅಮೆರಿಕದ ಭಾಷಾವಿದ್ವಾಂಸರನ್ನು ಪತ್ರ ಬರೆದು ಕೇಳಿದರು. ಬೇಡ, ನಿಮ್ಮ ಭಾಷೆಯನ್ನೇ ಬೆಳೆಸಿ ಎಂಬ ಅರ್ಥದ ಉತ್ತರ ಬಂತು. ಮುಂದೆ 1885ರಲ್ಲಿ ಅದೇ ಮೋರಿ ಜಪಾನಿನ ಮೊದಲ ಶಿಕ್ಷಣ ಮಂತ್ರಿಯಾದರು, ದೇಶ ಜಪಾನಿಯಲ್ಲೇ ಓದಿತು. 1898ರಲ್ಲಿ ಜಪಾನಿಗೆ ಹೋದ ನಮ್ಮ ವಿಶ್ವೇಶ್ವರಯ್ಯನವರು ಅಲ್ಲಿನ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ಮೆಚ್ಚಿ ಬಂದರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಬಂದು ನಗರ ಕಾಯುವ ಯೋಜನೆ ಮಾಡಿಕೊಟ್ಟವರೂ ಇವರೇ.

"ಇದೆಲ್ಲ ಸರಿ, ಜಪಾನಿ ಕಲಿತು ನಮ್ಮ ಮಗ ಏನು ಮಾಡ್ತಾನ?" ಎಂದು ಕೇಳುವಿರಿ. ಕೇಳಲೇಬೇಕು. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ 1997ರಿಂದ ಇದೆ. 2007ರಲ್ಲಿ ಅಲ್ಲಿ ಶುರುವಾದ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳನ್ನು ಹತ್ತನೇ ತರಗತಿಯ ನಂತರ ತೆಗೆದುಕೊಂಡು ಕೆಲಸ ಕಲಿಸುತ್ತಿದೆ. 2021ರಲ್ಲಿ ಭಾರತ ಮತ್ತು ಜಪಾನ್ ನುರಿತ ಕೆಲಸಗಾರರ ಬಗ್ಗೆ ಒಪ್ಪಂದ ಮಾಡಿಕೊಂಡವು. ಆ ದಾರಿಯಲ್ಲಿ ಹೋಗುವವರಿಗೆ ಕೇಳುವ ಭಾಷಾ ಪರೀಕ್ಷೆ ಇಂಗ್ಲಿಷಿನದಲ್ಲ, ಜಪಾನಿಯದು. ಜೆಎಲ್‌ಪಿಟಿ ಪರೀಕ್ಷೆಯಲ್ಲಿ 2010ರಿಂದ ಐದು ಹಂತಗಳಿವೆ. ಎನ್5 ಎಲ್ಲಕ್ಕಿಂತ ಕೆಳಗಿನದು, ಎನ್1 ಮೇಲಿನದು. ಎನ್5ಕ್ಕೆ 180 ಅಂಕಗಳಲ್ಲಿ ಒಟ್ಟು 80 ಬೇಕು. ಬೆಂಗಳೂರು, ಚೆನ್ನೈ, ಪುಣೆಗಳಲ್ಲಿ ಪರೀಕ್ಷಾ ಕೇಂದ್ರಗಳಿವೆ.

ಆದರೆ ಪಾಲಕರೇ, ಒಂದು ಎಚ್ಚರಿಕೆ. ಎನ್5 ಪಾಸಾದರೆ ನೌಕರಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಅಂಗನವಾಡಿ ಮುಗಿಸಿದಂತೆ. ನುರಿತ ಕೆಲಸಗಾರರ ದಾರಿಗೆ ಎನ್4 ಅಥವಾ ಅದಕ್ಕೆ ಸಮನಾದ ಪರೀಕ್ಷೆ ಜೊತೆಗೆ ಕೆಲಸದ ಪರೀಕ್ಷೆಯೂ ಬೇಕು. ಜಪಾನಿಗೆ ಕಳಿಸುತ್ತೇವೆ ಎಂದು ಮೊದಲೇ ಲಕ್ಷಗಟ್ಟಲೆ ಕೇಳುವ ಏಜೆಂಟರ ಮಾತಿಗೆ ಹೊಲ ಒತ್ತೆ ಇಡಬೇಡಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯದಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದಲ್ಲಿ ಜಪಾನಿ ಪಾಠ ನಡೆಯುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ, ರಾಯಚೂರಿನ ಡಿಗ್ರಿ ಕಾಲೇಜುಗಳಲ್ಲೂ ಸಂಜೆ ಒಂದು ಗಂಟೆಯ ಮೊದಲ ಹಂತದ ತರಗತಿ ಬರಲಿ. ವಿವರಣೆ ಕನ್ನಡದಲ್ಲಿ, ತೆಲುಗಿನಲ್ಲಿ ಇರಲಿ. ಜಪಾನಿ ಬಲ್ಲ ಕನ್ನಡಿಗರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಯಾರಾದರೂ ವಿಭಕ್ತಿ ಪ್ರತ್ಯಯಗಳ ಮೂಲಕ ಜಪಾನಿ ಕಲಿಸುವ ಐವತ್ತು ಪುಟದ ಕಿರುಪುಸ್ತಕ ಬರೆದುಕೊಟ್ಟರೆ ಅದು ನಮ್ಮ ಮಕ್ಕಳಿಗೆ ದೊಡ್ಡ ಉಪಕಾರ. ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಇಂಗ್ಲಿಷೂ ಬೇಕು, ತೆಲುಗೂ ಬೇಕು. ಪ್ರತಿ ಹೊಸ ಭಾಷೆಗೂ ಇಂಗ್ಲಿಷ್ ಬಾಗಿಲಿನಿಂದಲೇ ಹೋಗಬೇಕೆಂಬ ನಿಯಮ ಬೇಡ ಎನ್ನುತ್ತೇವೆ, ಅಷ್ಟೇ.

ನಮ್ಮ ಹುಡುಗ ತರಗತಿ ಬಿಡಲಿಲ್ಲ. ಈಗ ಎನ್5 ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. ಅವನ ನೋಟ್‌ಬುಕ್ಕಿನಲ್ಲಿ ಪ್ರತಿ ಜಪಾನಿ ವಾಕ್ಯದ ಕೆಳಗೂ ಕನ್ನಡ ವಾಕ್ಯವಿದೆ. ಪಕ್ಕದ ಬೆಂಚಿನವರು ಅದನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದಾರಂತೆ!

ಹಾಗಾಗಿ ಬರುವ ಜೂನ್‌ನಲ್ಲಿ "ಕನ್ನಡ ಯಾತಕ್ಕ?" ಎಂದು ಯಾರಾದರೂ ಕೇಳಿದರೆ, ಮಗುವನ್ನೇ ಕರೆದು ಅ, ಇ, ಉ, ಎ, ಒ, ಕ, ಸ, ತ, ನ ಹೇಳಿಸಿ. "ನಿಮ್ಮ ಮಗ ಜಪಾನಿ ಅಕ್ಷರದ ಕ್ರಮ ಹೇಳಿದ, ಉಳಿದದ್ದು ಕಲಿಯಾಕ ಕನ್ನಡ ಗಟ್ಟಿ ಇರಬೇಕು" ಎಂದು ಹೇಳಿ. ಇದರಲ್ಲಿ ಸುಳ್ಳೇನೂ ಇಲ್ಲ.

ನೀವೇನಂತೀರಿ?