ಚೀಟಿಯ ಹಿಂದಿನ ಲಕೋಟೆ

ವೈದ್ಯರು ಬರೆದುಕೊಟ್ಟ ಚೀಟಿಯನ್ನು ನಾವು ಪ್ರಶ್ನಿಸುವುದಿಲ್ಲ. ಸ್ಕ್ಯಾನ್ ಮಾಡಿಸಿ ಎಂದರೆ ಸಾಲ ಮಾಡಿಯಾದರೂ ಮಾಡಿಸುತ್ತೇವೆ. ಆ ನಂಬಿಕೆಗೂ ದರಪಟ್ಟಿ ಇತ್ತೆಂಬುದು 2017ರಲ್ಲಿ ಬಯಲಾಯಿತು. ಆ ವರ್ಷದ ನವೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆಯು ಬೆಂಗಳೂರಿನ ಐದು ರೋಗಪತ್ತೆ ಕೇಂದ್ರಗಳಲ್ಲೂ ಎರಡು ಪ್ರನಾಳ ಶಿಶು ಕೇಂದ್ರಗಳಲ್ಲೂ ಶೋಧ ನಡೆಸಿತು. ರೋಗಿಯನ್ನು ಕಳುಹಿಸಿದ ವೈದ್ಯರಿಗೆ ಎಂ.ಆರ್.ಐ. ಶುಲ್ಕದಲ್ಲಿ ಶೇ. 35, ಸಿ.ಟಿ. ಸ್ಕ್ಯಾನ್ ಹಾಗೂ ಲ್ಯಾಬ್ ಪರೀಕ್ಷೆಗಳಲ್ಲಿ ಶೇ. 20ರಷ್ಟು ಕಮಿಷನ್ ಸಲ್ಲುತ್ತಿತ್ತು ಎಂದು ಇಲಾಖೆ ತಿಳಿಸಿತು. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಮಾರಾಟ ಪ್ರಚಾರದ ಖರ್ಚೆಂಬ ವೇಷ. ಕೆಲವರಿಗೆ ಹಣ ಲಕೋಟೆಯಲ್ಲೇ ತಲುಪುತ್ತಿತ್ತು.

ಮಕ್ಕಳೇ, ಒಂದು ಸಣ್ಣ ಲೆಕ್ಕ ಮಾಡಿ. ಪೀಣ್ಯದ ಕಾರ್ಖಾನೆಯ ಕಾರ್ಮಿಕರೊಬ್ಬರು ಬೆನ್ನುನೋವಿಗಾಗಿ 6,000 ರೂಪಾಯಿ ಕೊಟ್ಟು ಎಂ.ಆರ್.ಐ. ಮಾಡಿಸಿದರೆನ್ನಿ. ಶೇ. 35 ಎಂದರೆ 2,100 ರೂಪಾಯಿ. ಅವರ ಎಷ್ಟು ದಿನಗಳ ಕೂಲಿ ಅದು?

ಕಾನೂನು ಇದನ್ನು ಒಪ್ಪುವುದಿಲ್ಲ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೇ ನಿಷೇಧಿಸಿವೆ. ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆಗಳನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯುವಂತಿಲ್ಲವೆಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೂ "ಉಡುಗೊರೆ ತಾನೇ, ಲಂಚವಲ್ಲವಲ್ಲ" ಎನ್ನುವವರಿದ್ದಾರೆ.

ಈ ವಾದಕ್ಕೆ ಇಸ್ಲಾಂ ಧರ್ಮದ ಪರಂಪರೆಯಲ್ಲಿ ಒಂದು ಸರಳ ಉತ್ತರವಿದೆ. ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳೆರಡರಲ್ಲೂ ಆ ಪ್ರಸಂಗ ಬರುತ್ತದೆ. ಪ್ರವಾದಿ ಮುಹಮ್ಮದರು ಜಕಾತ್ ವಸೂಲಿಗೆ ಒಬ್ಬರನ್ನು ಕಳುಹಿಸಿದ್ದರು. ಹಿಂದಿರುಗಿದ ಆತ, ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದು ಬೇರ್ಪಡಿಸಿಟ್ಟರು. ಆಗ ಪ್ರವಾದಿಯವರು ಜನರೆದುರು ಕೇಳಿದ ಪ್ರಶ್ನೆಯ ತಾತ್ಪರ್ಯವಿಷ್ಟೆ: ಈತ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ?

ವೈದ್ಯರ ಲಕೋಟೆಗೂ ಇದೇ ಪ್ರಶ್ನೆ ಹಾಕಿ ನೋಡಿ. ಚೀಟಿ ಬರೆಯುವ ಅಧಿಕಾರ ಇಲ್ಲದಿದ್ದರೆ ಆ ಲಕೋಟೆ ಬರುತ್ತಿರಲಿಲ್ಲ.

ಇಸ್ಲಾಂ ದಲ್ಲಾಳಿ ವೃತ್ತಿಯನ್ನು ತಪ್ಪೆನ್ನುವುದಿಲ್ಲ. ತನ್ನ ದಲ್ಲಾಳಿತನವನ್ನು ಮುಚ್ಚಿಡದೆ, ಬಹಿರಂಗವಾಗಿ ಕೂಲಿ ಪಡೆಯುವುದು ನ್ಯಾಯವೇ. ಆದರೆ ರೋಗಿ ವೈದ್ಯರ ಬಳಿಗೆ ಹೋಗುವುದು ದಲ್ಲಾಳಿಯೆಂದಲ್ಲ. ತನ್ನ ದೇಹವನ್ನೇ ಅವರ ಕೈಗೊಪ್ಪಿಸುತ್ತಾನೆ. ಇಂಥ ಹೊಣೆಗೆ 'ಅಮಾನತ್' ಎಂದು ಹೆಸರು. ಅಮಾನತ್ತನ್ನು ಗುಟ್ಟಾಗಿ ಮಾರಿಕೊಳ್ಳುವುದು ವಂಚನೆ.

"ಪರೀಕ್ಷೆ ಹೇಗೂ ಅಗತ್ಯವಿತ್ತಲ್ಲ, ರೋಗಿಗೇನು ನಷ್ಟ?" ಎಂಬ ಮಾತೂ ಉಂಟು. ಪ್ರಯೋಗಶಾಲೆಯ ತಕ್ಕಡಿಯನ್ನು ನೆನೆಯಿರಿ. ಒಂದು ತಟ್ಟೆಗೆ ಕಾಣದಂತೆ ಮೇಣ ಮೆತ್ತಿದ್ದರೆ, ಆಮೇಲೆ ಎಷ್ಟೇ ಎಚ್ಚರದಿಂದ ತೂಗಿದರೂ ಫಲಿತಾಂಶವನ್ನು ನಂಬಲಾಗದು. ಲಕೋಟೆ ಪಡೆದ ವೈದ್ಯರಿಗೂ ಈ ಪರೀಕ್ಷೆ ಬೇಕಿತ್ತೋ ಇಲ್ಲವೋ ಎಂಬುದು ಕ್ರಮೇಣ ಸ್ಪಷ್ಟವಾಗಿ ಕಾಣದಾಗುತ್ತದೆ.

ಪಾಲಕರಲ್ಲಿ ಒಂದು ಮಾತು. ವೈದ್ಯಕೀಯ ಸೀಟಿಗೆ ಹಣ ಸುರಿದು, "ಮುಂದೆ ದುಡಿದು ತೀರಿಸುತ್ತಾನೆ ಬಿಡಿ" ಎಂದು ಮಕ್ಕಳ ಎದುರೇ ಲೆಕ್ಕ ಹಾಕಬೇಡಿ. ಆ ಮಾತನ್ನು ಕೇಳಿ ಬೆಳೆದ ಮಗುವಿಗೆ ಲಕೋಟೆ ತಪ್ಪೆಂದು ತೋರುವುದು ಕಷ್ಟ. ಪ್ರಾಮಾಣಿಕ ವೈದ್ಯರು ನಮ್ಮ ನಡುವೆ ಬೇಕಾದಷ್ಟು ಜನರಿದ್ದಾರೆ. ನಿಮ್ಮ ಮಗ, ಮಗಳು ಅವರಂತಾಗಬೇಕೆಂದಿದ್ದರೆ, ಯಾವುದು ಸಂಬಳ, ಯಾವುದು ಉಡುಗೊರೆ, ಯಾವುದು ಲಂಚ ಎಂಬುದನ್ನು ಇಂದೇ ಊಟಕ್ಕೆ ಕುಳಿತಾಗ ಮಾತಾಡಿ.